ಚಿತ್ರತುರಗವೂ ಅಶ್ವಶಕ್ತಿಯೂ: ಗಾರ್ಡನ್ ಬ್ಲೇರರ ಎಂಜಿನ್ ಗ್ರಂಥಗಳ ವಿಮರ್ಶೆ

೧

ವಾಙ್ಮಯವನ್ನು ಶಾಸ್ತ್ರವೆಂದೂ ಕಾವ್ಯವೆಂದೂ ಎರಡಾಗಿ ವಿಭಾಗಿಸಿದ ರಾಜಶೇಖರನು, ಕಾವ್ಯಕ್ಕೆ ಶಾಸ್ತ್ರವೇ ಪೂರ್ವಾಂಗವಾದುದರಿಂದ ಮೊದಲು ಶಾಸ್ತ್ರದಲ್ಲಿ ಪರಿಶ್ರಮ ಮಾಡಬೇಕೆಂದು ಅಭಿಪ್ರಾಯಪಟ್ಟಿರುವನು. ಆದರೆ ಈಚಿನ ನಮ್ಮ ವಿಮರ್ಶೆಯಲ್ಲಿ ವಾಙ್ಮಯವೆಂದರೆ ಕಾವ್ಯವೊಂದೇ ಎಂಬ ಭಾವನೆಯು ಬೇರೂರಿಬಿಟ್ಟಿದೆ. ಶಾಸ್ತ್ರಗ್ರಂಥವೆಂದರೆ ಪರೀಕ್ಷೆಗೆ ಓದುವ ಪುಸ್ತಕ, ಅದರ ರಚನಾಕ್ರಮವನ್ನಾಗಲಿ ಪರಿಭಾಷೆಯನ್ನಾಗಲಿ ಪ್ರಮಾಣವಿಚಾರವನ್ನಾಗಲಿ ಸಾಹಿತ್ಯದ ವಿದ್ವಾಂಸರು ಪರಿಶೀಲಿಸಬೇಕಾದುದೇನೂ ಇಲ್ಲವೆಂದು ಬಹುಮಂದಿ ತಿಳಿದಿರುತ್ತಾರೆ. ಹಿಂದಿನವರು ಹೀಗೆ ತಿಳಿದಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ಹೊರಟ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯ ಭಾರವನ್ನೂ ಹೊತ್ತರು, ೧೯೩೧ರಲ್ಲಿ ಪ್ರಕಟವಾದ ಪಂಪಭಾರತದ ಪರಿಷ್ಕರಣವನ್ನೂ ನಡೆಸಿದರು. ಅವರ ಮನಸ್ಸಿನಲ್ಲಿ ಈ ಎರಡು ಕೆಲಸಗಳಿಗೂ ನಡುವೆ ಗೋಡೆಯೇನೂ ಇದ್ದಂತೆ ತೋರುವುದಿಲ್ಲ.

ಆ ಮಾರ್ಗವನ್ನನುಸರಿಸಿ, ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಾರ್ಡನ್ ಬ್ಲೇರ್ ಅವರ ಗ್ರಂಥಗಳನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದೆ. ವಾಹನಗಳ ಎಂಜಿನ್ನು, ಅದರಲ್ಲಿಯೂ ಪಂದ್ಯದ ಮೋಟಾರ್ ಸೈಕಲ್ಲಿನ ಎಂಜಿನ್ನು ಅವರ ವಿಷಯ. ಅವರ ಗಣಿತದ ಸಾಧುತ್ವವನ್ನು ತೂಗಿ ನೋಡುವುದು ಯಂತ್ರಶಾಸ್ತ್ರಜ್ಞರ ಕೆಲಸ. ಶಾಸ್ತ್ರವನ್ನು ಹೇಗೆ ನಿರ್ಮಿಸಬೇಕು, ಸಂಜ್ಞೆಯನ್ನು ಹೇಗೆ ಕಲ್ಪಿಸಬೇಕು, ಅನುಕರಣವೆಂಬುದು ಯಾವಾಗ ಪ್ರಮಾಣವಾಗುತ್ತದೆ ಎಂಬ ಮೂರು ಪ್ರಶ್ನೆಗಳು ಮಾತ್ರ ವ್ಯಾಕರಣ ಅಲಂಕಾರಗಳನ್ನು ಓದಿದವರಿಗೂ ಸೇರಿದವು. ಮೂರನೆಯ ಪ್ರಶ್ನೆಗೆ ಬ್ಲೇರರು ಕೊಟ್ಟಿರುವ ಉತ್ತರವು ನಮ್ಮ ಅಲಂಕಾರಶಾಸ್ತ್ರದ ಒಂದು ಹಳೆಯ ವಿವಾದದ ಮೇಲೆ ಬೆಳಕು ಬೀರುತ್ತದೆಯೆಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

೨

ಬ್ಲೇರರ ಪ್ರಧಾನ ಗ್ರಂಥಗಳು ಮೂರು. ೧೯೯೦ರಲ್ಲಿ ಹೊರಬಂದ ‘ದಿ ಬೇಸಿಕ್ ಡಿಸೈನ್ ಆಫ್ ಟೂ-ಸ್ಟ್ರೋಕ್ ಎಂಜಿನ್ಸ್’, ೧೯೯೬ರ ‘ಡಿಸೈನ್ ಅಂಡ್ ಸಿಮ್ಯುಲೇಷನ್ ಆಫ್ ಟೂ-ಸ್ಟ್ರೋಕ್ ಎಂಜಿನ್ಸ್’, ೧೯೯೯ರ ‘ಡಿಸೈನ್ ಅಂಡ್ ಸಿಮ್ಯುಲೇಷನ್ ಆಫ್ ಫೋರ್-ಸ್ಟ್ರೋಕ್ ಎಂಜಿನ್ಸ್’. ಮೂರನ್ನೂ ಅಮೆರಿಕದ ಸೊಸೈಟಿ ಆಫ್ ಆಟೋಮೋಟಿವ್ ಎಂಜಿನಿಯರ್ಸ್ ಎಂಬ ಸಂಸ್ಥೆಯು ಪ್ರಕಟಿಸಿತು. ಮೊದಲನೆಯದರಲ್ಲಿ ಗಣಕಯಂತ್ರಕ್ಕೆ ಕೊಡಬೇಕಾದ ಕ್ರಮವಿಧಿಗಳನ್ನು ಬೇಸಿಕ್ ಎಂಬ ಗಣಕಭಾಷೆಯಲ್ಲಿ ಅಕ್ಷರಶಃ ಮುದ್ರಿಸಿದೆ. ಹೀಗಾಗಿ ಆ ಗ್ರಂಥದ ಹೆಸರಿನಲ್ಲಿರುವ ‘ಬೇಸಿಕ್’ ಎಂಬ ಪದಕ್ಕೆ ಮೂಲಭೂತವೆಂಬ ಅರ್ಥವೊಂದು, ಆ ಭಾಷೆಯೆಂಬ ಅರ್ಥ ಮತ್ತೊಂದು ಕೂಡುತ್ತವೆ. ಶಾಸ್ತ್ರಕಾರರಿಗೆ ಶ್ಲೇಷವು ನಿಷಿದ್ಧವಲ್ಲವಷ್ಟೆ.

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿಗಳೆಂಬ ಅನುಬಂಧಚತುಷ್ಟಯವನ್ನು ವಿಚಾರಿಸುವುದು ನಮ್ಮ ಪದ್ಧತಿ. ಇಲ್ಲಿ ವಿಷಯವು ಎಂಜಿನ್ನಿನೊಳಗೆ ಅನಿಲವು ಹರಿಯುವ ಬಗೆ. ಪ್ರಯೋಜನವು ಒಳ್ಳೆಯ ಎಂಜಿನ್ನಿನ ನಿರ್ಮಾಣ. ಅಧಿಕಾರಿಯು ಕಲನಗಣಿತವನ್ನೂ ಉಷ್ಣಶಾಸ್ತ್ರವನ್ನೂ ಓದಿ, ಕಾರ್ಖಾನೆಯಲ್ಲಿ ಕೈ ಮಸಿಮಾಡಿಕೊಳ್ಳಲು ಸಿದ್ಧನಾದವನು. ಸಂಬಂಧವನ್ನು ಪ್ರಕರಣಗಳ ಕ್ರಮವೇ ತಿಳಿಸುತ್ತದೆ. ೧೯೯೬ರ ಗ್ರಂಥದಲ್ಲಿ ಎಂಟು ಪ್ರಕರಣಗಳು: ಮೊದಲು ಎಂಜಿನ್ನಿನ ಪರಿಚಯ, ಅನಂತರ ಅನಿಲಪ್ರವಾಹ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರದೂಡುವಿಕೆ, ದಹನ, ಗಣಕಾನುಕರಣ, ನಿರ್ಮಾಪಕನಿಗೆ ಅನುಭವಸಿದ್ಧ ಸೂಚನೆಗಳು, ಇಂಧನದ ವ್ಯಯವನ್ನೂ ಹೊಗೆಯ ದೋಷವನ್ನೂ ತಗ್ಗಿಸುವಿಕೆ, ಕಡೆಗೆ ಶಬ್ದವನ್ನು ತಗ್ಗಿಸುವಿಕೆ. ಹಿಂದಿನದು ಮುಂದಿನದಕ್ಕೆ ಕಾರಣವಾಗುವಂತೆ ಜೋಡಿಸಿರುವ ಈ ಕ್ರಮದಲ್ಲಿ ಮೊದಲ ನಾಲ್ಕು ಅಂಗಗಳು, ಐದನೆಯದು ಅಂಗಿ, ಉಳಿದ ಮೂರು ಅದರ ವಿನಿಯೋಗ.

ಬ್ಲೇರರು ಪುಸ್ತಕಪಂಡಿತರು ಮಾತ್ರವಾಗಿರಲಿಲ್ಲ. ೧೯೭೦ರ ಸುಮಾರಿನ ವರ್ಷಗಳಲ್ಲಿ ಅವರ ತಂಡವು ವಿಶ್ವವಿದ್ಯಾನಿಲಯದ ಕಾರ್ಯಶಾಲೆಯಲ್ಲಿಯೇ ೫೦೦ ಸಿಸಿಯ, ಒಂದೇ ಸಿಲಿಂಡರಿನ ಪಂದ್ಯದ ಎಂಜಿನ್ನೊಂದನ್ನು ನಿರ್ಮಿಸಿತು. ಆ ಮೋಟಾರ್ ಸೈಕಲ್ಲನ್ನು ರೇ ಮೆಕಲೊ ಎಂಬ ಐರಿಷ್ ಸವಾರರು ಅಲ್ಲಿನ ಪಂದ್ಯಗಳಲ್ಲಿ ಓಡಿಸಿದರು. ಪಂದ್ಯವೆಂದರೆ ವಿನೋದವೆಂದು ಎಣಿಸುವವರು ಒಂದಂಶವನ್ನು ಗಮನಿಸಬೇಕು. ಸಭೆಯಲ್ಲಿ ಪ್ರಬಂಧವನ್ನೋದಿದ ವಿದ್ವಾಂಸನು ಆಕ್ಷೇಪಕ್ಕೆ ಸಮಾಧಾನವನ್ನು ಹೇಳಿ ಪಾರಾಗಬಹುದು. ಪಂದ್ಯದ ಬೀದಿಯಲ್ಲಿ ಹಿಂದೆ ಬಿದ್ದ ಎಂಜಿನ್ನಿಗೆ ಯಾವ ಸಮಾಧಾನವೂ ಇಲ್ಲ.

೩

ವಿಷಯವನ್ನು ಸ್ಥೂಲವಾಗಿಯಾದರೂ ತಿಳಿಯದೆ ವಿಮರ್ಶೆಯು ಮುಂದುವರಿಯಲಾರದು. ಟೂ-ಸ್ಟ್ರೋಕ್ ಎಂಜಿನ್ನೆಂದರೆ ಪಿಸ್ಟನ್ನಿನ ಎರಡು ಹೊಡೆತಗಳಲ್ಲಿ, ಎಂದರೆ ಕ್ರ್ಯಾಂಕಿನ ಒಂದೇ ಸುತ್ತಿನಲ್ಲಿ, ತನ್ನ ಕೆಲಸವನ್ನೆಲ್ಲ ಮುಗಿಸುವ ಯಂತ್ರ. ಅದರ ಸರಳವಾದ ರೂಪದಲ್ಲಿ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿರುವಂತೆ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ತೆರೆಯುತ್ತದೆ, ಮುಚ್ಚುತ್ತದೆ. ಮೊದಲು ಹೊಗೆಯ ಕಂಡಿ ತೆರೆಯುತ್ತದೆ. ಬಳಿಕ ಹೊಸ ಮಿಶ್ರಣದ ಕಂಡಿಗಳು ತೆರೆಯುತ್ತವೆ. ಎರಡೂ ಏಕಕಾಲದಲ್ಲಿ ತೆರೆದಿರುವ ಅಲ್ಪಾವಧಿಯಲ್ಲಿ ಹಳೆಯದು ಹೋಗಿ ಹೊಸದು ತುಂಬಬೇಕು, ಹೊಸದು ಹಳೆಯದರೊಡನೆ ಹೊರಟುಹೋಗಲೂ ಕೂಡದು.

ಆ ಅಲ್ಪಾವಧಿ ಎಷ್ಟೆಂದರೆ, ನಿಮಿಷಕ್ಕೆ ೧೨,೦೦೦ ಸುತ್ತು ತಿರುಗುವ ಪಂದ್ಯದ ಎಂಜಿನ್ನಿನಲ್ಲಿ ಒಂದು ಪೂರ್ಣ ಸುತ್ತಿಗೆ ಹಿಡಿಯುವ ಕಾಲವೇ ಸೆಕೆಂಡಿನ ಸಾವಿರದಲ್ಲಿ ಐದು ಪಾಲು. ಹೊಗೆಯ ಕಂಡಿಯು ತೆರೆದಿರುವುದು ಅದರಲ್ಲಿ ಮೂರು ಪಾಲಿಗೂ ಕಡಮೆ. ಇಷ್ಟರಲ್ಲಿ ಎಲ್ಲವನ್ನೂ ನೆರವೇರಿಸುವುದು ಸೈಲೆನ್ಸರಿನ ಕೊಳವೆಯಲ್ಲಿ ಓಡಾಡುವ ಒತ್ತಡದ ಅಲೆ. ಕಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯೊಳಕ್ಕೆ ನುಗ್ಗುತ್ತದೆ. ಕೊಳವೆಯು ಕಹಳೆಯ ಬಾಯಿಯಂತೆ ಅಗಲವಾಗುತ್ತ ಹೋಗುವ ಕಡೆಯಲ್ಲಿ ಅದರ ಒಂದಂಶವು ಹೀರುವ ಅಲೆಯಾಗಿ ಹಿಂದಿರುಗಿ ಸಿಲಿಂಡರಿನ ಹೊಗೆಯನ್ನು ಸೆಳೆಯುತ್ತದೆ. ಮುಂದೆ ಕೊಳವೆಯು ಮತ್ತೆ ಕಿರಿದಾಗುವ ಕಡೆಯಲ್ಲಿ ಮತ್ತೊಂದಂಶವು ತಳ್ಳುವ ಅಲೆಯಾಗಿ ಹಿಂದಿರುಗಿ, ತಪ್ಪಿಸಿಕೊಂಡ ಹೊಸ ಮಿಶ್ರಣವನ್ನು ಕಂಡಿ ಮುಚ್ಚುವ ಮೊದಲು ಒಳಕ್ಕೆ ನೂಕುತ್ತದೆ. ೫೦೦ ಡಿಗ್ರಿ ಸೆಂಟಿಗ್ರೇಡ್ ಶಾಖದ ಅನಿಲದಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೫೫೦ ಮೀಟರ್. ಆದುದರಿಂದ ಒಂದು ಸುತ್ತಿನ ಕಾಲದಲ್ಲಿ ಅಲೆಯು ಎರಡೂಮುಕ್ಕಾಲು ಮೀಟರಿನಷ್ಟು ಓಡಬಲ್ಲುದು. ಕೊಳವೆಯ ಉದ್ದವು ಕೆಲವು ಬೆರಳಷ್ಟು ಹೆಚ್ಚುಕಡಮೆಯಾದರೂ ಅಲೆಯು ಹೊತ್ತಿಗೆ ಮುಂಚೆಯೋ ಹೊತ್ತು ಮೀರಿಯೋ ಬಂದು ಎಂಜಿನ್ನು ದುರ್ಬಲವಾಗುತ್ತದೆ.

ಈ ರಹಸ್ಯವನ್ನು ಬ್ಲೇರರು ಕಂಡುಹಿಡಿದರೆಂದು ಹೇಳಿದರೆ ಅಸತ್ಯವಾದೀತು. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ನಿರ್ಮಾಪಕರು ೧೯೫೦ರ ದಶಕದಲ್ಲಿಯೇ ಇಂತಹ ಕೊಳವೆಗಳನ್ನು ರೂಢಿಗೆ ತಂದು, ೧೯೬೧ರ ಹೊತ್ತಿಗೆ ೧೨೫ ಸಿಸಿಯ ಪುಟ್ಟ ಎಂಜಿನ್ನಿನಿಂದ ಸುಮಾರು ೨೫ ಅಶ್ವಶಕ್ತಿಯನ್ನು ಪಡೆದಿದ್ದರು. ಪ್ರಯೋಗವು ಮೊದಲು, ಸೂತ್ರವು ಅನಂತರ. ಪಾಣಿನಿಗೆ ಮೊದಲು ಶಿಷ್ಟರ ಭಾಷೆಯಿತ್ತು, ಕೇಶಿರಾಜನಿಗೆ ಮೊದಲು ಪೂರ್ವಕವಿಗಳ ಪ್ರಯೋಗವಿತ್ತು. ಕುಶಲರು ಕಿವಿಯಿಂದಲೂ ಕೈಯಿಂದಲೂ ಅರಿತುದನ್ನು ಯಾರು ಬೇಕಾದರೂ ಲೆಕ್ಕಹಾಕಿ ನಿರ್ಣಯಿಸಬಹುದಾದ ಲಕ್ಷಣವನ್ನಾಗಿ ಮಾಡುವುದೇ ಶಾಸ್ತ್ರಕಾರನ ಕೆಲಸ. ಅದನ್ನು ಮಾಡಿದವರಲ್ಲಿ ಬ್ಲೇರರು ಅಗ್ರಗಣ್ಯರು.

೪

ಇನ್ನು ಸಂಜ್ಞಾಪ್ರಕರಣ. ಅಲೆಗಳು ಕಿರಿದಾಗಿದ್ದರೆ, ಎದುರುಬದುರಾಗಿ ಬಂದ ಎರಡರ ಒತ್ತಡಗಳನ್ನು ಕೂಡಿಸಿದರಾಯಿತು. ಎಂಜಿನ್ನಿನ ಅಲೆಗಳಾದರೋ ಹಿರಿದಾದವು. ಅಲ್ಲಿ ಒಂದೂ ಒಂದೂ ಕೂಡಿ ಎರಡಾಗುವುದಿಲ್ಲ. ವಾಯುಮಂಡಲದ ಒತ್ತಡದ ೧·೨ ಪಾಲು ಇರುವ ಎರಡು ಅಲೆಗಳು ಸೇರಿದಾಗ ಒತ್ತಡವು ೧·೪ ಆಗದೆ ಸುಮಾರು ೧·೪೩ ಆಗುತ್ತದೆ. ಅಲೆಯ ಶಿಖರವು ಪಾದಕ್ಕಿಂತ ವೇಗವಾಗಿ ಓಡುವುದೂ ಇದರ ಫಲವೇ. ಪಾದವು ಸೆಕೆಂಡಿಗೆ ೩೪೩ ಮೀಟರ್ ಓಡಿದರೆ ಅದೇ ೧·೨ರ ಶಿಖರವು ಸುಮಾರು ೩೯೭ ಮೀಟರ್ ಓಡುತ್ತದೆ; ಅಲೆಯು ಮುಂದಕ್ಕೆ ಬಾಗುತ್ತ ಕಡಿದಾಗುತ್ತದೆ. ಇದರ ಗಣಿತಮೂಲವು ೧೮೬೦ರಲ್ಲಿ ಅರ್ನ್‌ಷಾ ಮಹಾಶಯರು ಪ್ರಕಟಿಸಿದ ಶಬ್ದಸಿದ್ಧಾಂತದಲ್ಲಿದೆ.

ಈ ಗಣಿತದಲ್ಲಿ ಅನಿಲದ ಎರಡು ಬಗೆಯ ಉಷ್ಣಧಾರಣಶಕ್ತಿಗಳ ಪ್ರಮಾಣವು ಪದೇ ಪದೇ ಬರುತ್ತದೆ. ಅದಕ್ಕೆ ಗಾಮ ಎಂಬ ಗ್ರೀಕ್ ಅಕ್ಷರವು ಸಂಕೇತ. ಸಾಧಾರಣ ಗಾಳಿಯಲ್ಲಿ ಅದರ ಬೆಲೆ ೧·೪. ಗಾಮದಿಂದ ಹುಟ್ಟುವ ಉದ್ದುದ್ದನೆಯ ಭಿನ್ನರಾಶಿಗಳನ್ನು ಪ್ರತಿಪಂಕ್ತಿಯಲ್ಲಿಯೂ ಬರೆಯುವುದು ಗೌರವದೋಷ. ಬ್ಲೇರರು ಅವುಗಳಿಗೆ ಜಿ-೪, ಜಿ-೫, ಜಿ-೬, ಜಿ-೭ ಎಂಬ ಹೆಸರುಗಳನ್ನಿಟ್ಟರು. ಈ ಅಂಕಗಳು ಬರಿಯ ಕ್ರಮಸಂಖ್ಯೆಗಳಲ್ಲ. ಗಾಮದಿಂದ ಒಂದನ್ನು ಕಳೆದು ಬಂದುದರಿಂದ ಎರಡನ್ನು ಭಾಗಿಸಿದರೆ ಜಿ-೫. ಗಾಳಿಗೆ ಅದರ ಬೆಲೆ ಐದೇ. ಜಿ-೬ರ ಬೆಲೆ ಆರು, ಜಿ-೭ರ ಬೆಲೆ ಏಳು. ಜಿ-೧೭ ಎಂದರೆ ಏಳರಲ್ಲೊಂದು, ಜಿ-೩೫ ಎಂದರೆ ಮೂರೂವರೆ, ಜಿ-೬೭ ಎಂದರೆ ಏಳರಲ್ಲಾರು. ಹೆಸರನ್ನು ಕೇಳಿದೊಡನೆ ಬೆಲೆಯು ಹೊಳೆಯುತ್ತದೆ. ಪ್ರತ್ಯಾಹಾರಗಳನ್ನು ಕಲಿತವರು ಈ ಲಾಘವವನ್ನು ಕಂಡು ತಲೆದೂಗದಿರಲಾರರು. ಇವು ಟಿ, ಘು, ಭಗಳಂತೆ ಅರ್ಥಶೂನ್ಯವಾದ ಕೃತ್ರಿಮಸಂಜ್ಞೆಗಳಲ್ಲ, ಅನ್ವರ್ಥಸಂಜ್ಞೆಗಳು.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಸುಟ್ಟ ಅನಿಲದಲ್ಲಿ ಗಾಮದ ಬೆಲೆಯು ೧·೪ಕ್ಕಿಂತ ಕಡಮೆ. ಅದು ೧·೩ ಆದಲ್ಲಿ ಜಿ-೫ರ ಬೆಲೆ ಐದಾಗಿರದೆ ೬·೬೭ ಆಗುತ್ತದೆ. ಅನ್ವರ್ಥವಾಗಿ ಹುಟ್ಟಿದ ಹೆಸರು ಈಗ ರೂಢಿಯಿಂದ ಮಾತ್ರ ನಿಲ್ಲುತ್ತದೆ. ಪಂಕದಲ್ಲಿ ಹುಟ್ಟಿದುದೆಂಬ ಯೋಗಾರ್ಥವಿರುವ ಪಂಕಜಶಬ್ದವನ್ನು ನೆಲದಾವರೆಗೂ ಹಚ್ಚಿದಂತೆ ಇದು. ವಿದ್ಯಾರ್ಥಿಯು ಹೆಸರಿನ ಅಂಕವನ್ನೇ ಬೆಲೆಯೆಂದು ತಿಳಿದರೆ, ಅಲೆಯು ಅತ್ಯಂತ ಬಲವಾಗಿರುವ ಬಿಸಿ ಕೊಳವೆಯಲ್ಲಿಯೇ ಲೆಕ್ಕವು ಕೆಡುತ್ತದೆ. ೧೯೯೬ರ ಗ್ರಂಥವು ಅನಿಲದ ಶಾಖವನ್ನೂ ಘಟಕಗಳನ್ನೂ ಅನುಸರಿಸಿ ಗಾಮವು ಮಾರ್ಪಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ ಶಾಸ್ತ್ರದಲ್ಲಿ ದೋಷವಿಲ್ಲ. ಸಂಜ್ಞೆಯು ಮಾತ್ರ ತನ್ನ ಹುಟ್ಟಿನ ಸರಳತೆಯನ್ನು ಮೀರಿ ಬೆಳೆದ ಶಾಸ್ತ್ರಕ್ಕೆ ಚಿಕ್ಕಂದಿನ ಅಂಗಿಯಂತೆ ಉಳಿದಿದೆ. ಅನ್ವರ್ಥತೆಯು ಗುಣವಾದರೂ, ಅರ್ಥವು ಮಾರ್ಪಡುವ ಸಂಭವವಿರುವಲ್ಲಿ ಕೃತ್ರಿಮಸಂಜ್ಞೆಯೇ ಸುರಕ್ಷಿತವೆಂಬ ಪಾಠವನ್ನು ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ಸೃಷ್ಟಿಸುವವರು ಇದರಿಂದ ಕಲಿಯಬಹುದು.

೫

ಈಗ ಮುಖ್ಯವಿಷಯಕ್ಕೆ ಬರೋಣ. ‘ಸಿಮ್ಯುಲೇಷನ್’ ಎಂಬುದನ್ನು ಅನುಕರಣವೆನ್ನಬಹುದು. ಎಂಜಿನ್ನಿನ ಅಳತೆಗಳನ್ನೆಲ್ಲ ಗಣಕಕ್ಕೆ ಕೊಟ್ಟರೆ, ಅದು ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದಂತೆ ಕಲ್ಪಿಸಿಕೊಂಡು, ಪ್ರತಿಯೊಂದು ಹೆಜ್ಜೆಯಲ್ಲಿಯೂ ಕೊಳವೆಗಳ ಒಂದೊಂದು ತುಂಡಿನಲ್ಲಿ ಅಲೆಯ ಸ್ಥಿತಿಯನ್ನು ಲೆಕ್ಕಹಾಕಿ, ಕಡೆಗೆ ಇಷ್ಟು ಅಶ್ವಶಕ್ತಿಯೆಂದು ಹೇಳುತ್ತದೆ. ಲೋಹವಿಲ್ಲ, ಬೆಂಕಿಯಿಲ್ಲ, ಶಬ್ದವಿಲ್ಲ. ಆದರೂ ಎಂಜಿನ್ನು ಓಡಿದಂತೆ ಫಲವು ದೊರೆಯುತ್ತದೆ.

ಇದನ್ನೋದುವಾಗ ಶಂಕುಕನ ಚಿತ್ರತುರಗನ್ಯಾಯವು ನೆನಪಿಗೆ ಬಾರದಿರದು. ರಸವು ಅನುಕರಣರೂಪವೆಂದು ಶಂಕುಕನ ಮತ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿದಾಗ ಆಗುವ ಪ್ರತೀತಿಯು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. ನಟನಲ್ಲಿ ರಾಮಪ್ರತೀತಿಯೂ ಹಾಗೆಯೇ ವಿಲಕ್ಷಣವಾದುದೆಂದು ಅವನು ಹೇಳಿದನೆಂಬುದು ಅಭಿನವಭಾರತಿಯಿಂದ ತಿಳಿದುಬರುತ್ತದೆ. ಇದನ್ನು ಅಭಿನವಗುಪ್ತನ ಗುರುವಾದ ಭಟ್ಟತೌತನು ಖಂಡಿಸಿದನು. ಅವನ ಆಕ್ಷೇಪದ ಸಾರವು ಇದು: ಒಂದನ್ನು ಮತ್ತೊಂದರ ಅನುಕರಣವೆಂದು ಹೇಳಬೇಕಾದರೆ ಮೂಲವು ಬೇರೊಂದು ಪ್ರಮಾಣದಿಂದ ತಿಳಿದಿರಬೇಕು. ರಾಮನ ರತಿಯನ್ನು ಕಂಡವರು ಯಾರು? ಮೂಲವನ್ನೇ ಕಾಣದವನು ಇದು ಅದರ ಅನುಕರಣವೆಂದು ಹೇಗೆ ಅರಿತಾನು?

ಗಣಕಾನುಕರಣಕ್ಕೂ ಈ ಆಕ್ಷೇಪವು ಅಕ್ಷರಶಃ ಅನ್ವಯಿಸುತ್ತದೆ. ಎಂಜಿನ್ನಿನೊಳಗೆ ಅಲೆಯು ಹೇಗಿದೆಯೆಂದು ಕಂಡವರಾರು? ಗಣಕವು ಬರೆದ ವಕ್ರರೇಖೆಯು ಸುಂದರವಾಗಿದ್ದ ಮಾತ್ರಕ್ಕೆ ಅದು ನಿಜವಾದ ಅಲೆಯ ಅನುಕರಣವಾದೀತೆ? ಕಡೆಯಲ್ಲಿ ಅಶ್ವಶಕ್ತಿಯ ಅಂಕವು ಸರಿಹೊಂದಿತೆಂದರೂ ಸಾಲದು; ಒಂದು ಕಡೆಯ ತಪ್ಪು ಮತ್ತೊಂದು ಕಡೆಯ ತಪ್ಪನ್ನು ಮುಚ್ಚಿ ಒಟ್ಟು ಮೊತ್ತವು ಸರಿಯಾಗಿರುವುದು ಲೆಕ್ಕಪತ್ರಗಳಲ್ಲಿ ಅಪರೂಪವಲ್ಲ.

ಬ್ಲೇರರ ತಂಡವು ಇದಕ್ಕೆ ಕಂಡುಕೊಂಡ ಪರಿಹಾರವು ಸರಳವಾದುದು. ಓಡುತ್ತಿರುವ ಎಂಜಿನ್ನಿನಲ್ಲಿ ನೂರು ಅಲೆಗಳು ಒಂದರ ಮೇಲೊಂದು ಬೀಳುತ್ತಿರುವುದರಿಂದ ಯಾವುದು ಯಾವುದರ ಕಾರ್ಯವೆಂದು ಬೇರ್ಪಡಿಸಲಾಗದು. ಆದುದರಿಂದ ಅವರು ಎಂಜಿನ್ನನ್ನೇ ಬಿಟ್ಟುಬಿಟ್ಟರು. ಒಂದು ಪಾತ್ರೆಯಲ್ಲಿ ಒತ್ತಡದಿಂದ ಅನಿಲವನ್ನು ತುಂಬಿ, ಸರಿಯುವ ಬಾಗಿಲೊಂದನ್ನು ಒಮ್ಮೆ ಮಾತ್ರ ತೆರೆದು ಮುಚ್ಚಿ, ಒಂದೇ ಒಂದು ಅಲೆಯನ್ನು ಉದ್ದನೆಯ ಕೊಳವೆಯೊಳಕ್ಕೆ ಬಿಟ್ಟರು. ಕೊಳವೆಯ ಬೇರೆ ಬೇರೆ ಸ್ಥಾನಗಳಲ್ಲಿ ಒತ್ತಡವನ್ನಳೆಯುವ ಉಪಕರಣಗಳು ಆ ಅಲೆಯು ಹೋಗುವುದನ್ನೂ ಬರುವುದನ್ನೂ ಬರೆದುಕೊಂಡವು. ಮೊದಲು ನೇರವಾದ ಕೊಳವೆ, ಅನಂತರ ಥಟ್ಟನೆ ಅಗಲವಾಗುವ ಕೊಳವೆ, ಥಟ್ಟನೆ ಕಿರಿದಾಗುವ ಕೊಳವೆ, ಮೆಲ್ಲನೆ ಓರೆಯಾಗುವ ಕೊಳವೆ. ಒಂದೊಂದರಲ್ಲಿಯೂ ಅಳೆದ ರೇಖೆಯನ್ನೂ ಲೆಕ್ಕಹಾಕಿದ ರೇಖೆಯನ್ನೂ ಒಂದೇ ಚಿತ್ರದಲ್ಲಿ ಪಕ್ಕಪಕ್ಕದಲ್ಲಿಟ್ಟು ಓದುಗರ ಮುಂದಿರಿಸಿದರು. ಅಂಗಗಳು ಹೀಗೆ ಬೇರೆಬೇರೆಯಾಗಿ ಪರೀಕ್ಷಿತವಾದ ಮೇಲೆಯೇ ಅಂಗಿಯಾದ ಎಂಜಿನ್ನಿನ ಅನುಕರಣಕ್ಕೆ ಹೊರಟರು.

ಈ ವಿಷಯದಲ್ಲಿ ಅವರಿಗಿಂತ ಹಿಂದಿನವರ ಮಾರ್ಗವೂ ಕ್ಷುದ್ರವಾದುದಲ್ಲ. ಇಂಗ್ಲೆಂಡಿನ ಬೆನ್ಸನ್ ಮೊದಲಾದವರು ಬೆಳಸಿದ, ಲಕ್ಷಣರೇಖೆಗಳ ವಿಧಾನವೆಂದು ಕರೆಯಬಹುದಾದ ಗಣಿತಮಾರ್ಗವು ಬಹುಕಾಲ ರೂಢಿಯಲ್ಲಿತ್ತು. ೧೯೯೬ರ ಗ್ರಂಥದಲ್ಲಿ ಬ್ಲೇರರು ಬೇರೊಂದು ಮಾರ್ಗವನ್ನು ಹಿಡಿದು, ಅಲೆಯನ್ನು ಅಲೆಯಾಗಿಯೇ ಅನುಸರಿಸಿ ಅದರ ಘರ್ಷಣೆ, ಶಾಖದ ಹಾನಿ, ಪ್ರತಿಫಲನಗಳನ್ನು ಹೆಜ್ಜೆಹೆಜ್ಜೆಗೂ ಎಣಿಸಿರುವರು. ಗಣಿತಜ್ಞರಿಗೆ ಯಾವುದು ರಮಣೀಯವೋ ಹೇಳಲಾರೆವು. ಬೋಧನದೃಷ್ಟಿಯಿಂದ ಎರಡನೆಯದು ಮೇಲು, ಏಕೆಂದರೆ ಲೆಕ್ಕದ ಪ್ರತಿಯೊಂದು ಪದಕ್ಕೂ ಕೊಳವೆಯೊಳಗಿನ ಒಂದು ಘಟನೆಯನ್ನು ಬೆರಳಿಟ್ಟು ತೋರಿಸಬಹುದು.

ಹೀಗೆ ತೌತನ ಆಕ್ಷೇಪವನ್ನು ಅಲ್ಲಗಳೆಯದೆ, ಅದನ್ನು ಒಪ್ಪಿಕೊಂಡು ಪೂರೈಸಿರುವುದೇ ಬ್ಲೇರರ ಸಾಧನೆ. ಅವರ ಚಿತ್ರತುರಗದ ಪಕ್ಕದಲ್ಲಿ ನಿಜವಾದ ಕುದುರೆಯೂ ನಿಂತಿದೆ. ಗೊರಸಿಗೆ ಗೊರಸನ್ನು, ಕಿವಿಗೆ ಕಿವಿಯನ್ನು ಅಳೆದು ನೋಡಬಹುದು. ಮೂಲವು ಪ್ರಮಾಣಾಂತರಗಮ್ಯವಾದಲ್ಲಿ ಮಾತ್ರ ಅನುಕರಣವು ಪ್ರಮಾಣಕೋಟಿಗೆ ಸೇರುತ್ತದೆ. ಇಲ್ಲದಿದ್ದಲ್ಲಿ ಅದು ಚಿತ್ರವಾಗಿಯೇ ಉಳಿಯುತ್ತದೆ. ಶಂಕುಕನ ವಾದವು ನಾಟ್ಯದಲ್ಲಿ ಸೋತುದಕ್ಕೂ ಯಂತ್ರದಲ್ಲಿ ಗೆದ್ದುದಕ್ಕೂ ಇದೊಂದೇ ಕಾರಣ. ಸ್ಥಾಯಿಯನ್ನು ಅಳೆಯುವ ಉಪಕರಣವಿಲ್ಲ, ಒತ್ತಡವನ್ನಳೆಯುವ ಉಪಕರಣವಿದೆ. ರಸಪಾಠವನ್ನು ಹೇಳುವ ಅಧ್ಯಾಪಕರು ಈ ದೃಷ್ಟಾಂತವನ್ನು ಬಳಸಿಕೊಂಡರೆ, ಅನುಮಿತಿವಾದದ ಬಲವೂ ಮಿತಿಯೂ ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾಗುವುವೆಂದು ನಮ್ಮ ನಂಬಿಕೆ.

೬

ಮೂರನೆಯ ಪ್ರಕರಣದ ವಿಷಯವನ್ನು ಇಂಗ್ಲಿಷಿನಲ್ಲಿ ‘ಸ್ಕ್ಯಾವೆಂಜಿಂಗ್’ ಎನ್ನುತ್ತಾರೆ. ನಮ್ಮಂತಹವರ ಕೈಗೆ ಸಿಕ್ಕಿದರೆ ಇದು ‘ಸಮ್ಮಾರ್ಜನ’ವಾಗುವುದು ಖಂಡಿತ. ಆದರೆ ಹೊಸ ಮಿಶ್ರಣವು ಪೊರಕೆಯಂತೆ ಹಳೆಯ ಹೊಗೆಯನ್ನು ಬಾಗಿಲಿನತ್ತ ನೂಕುವ ಈ ಕ್ರಿಯೆಗೆ ‘ಗುಡಿಸುವಿಕೆ’ಯೆಂಬ ಅಚ್ಚಗನ್ನಡ ಶಬ್ದವೇ ಸಾಕು. ರಿಪೇರಿ ಅಂಗಡಿಯ ಹುಡುಗನಿಗೂ ಅದು ತಿಳಿಯುತ್ತದೆ, ಪಂಡಿತನಿಗೂ ತಿಳಿಯುತ್ತದೆ.

ಗುಡಿಸುವಿಕೆಯ ಶಾಸ್ತ್ರವು ಕೇಂಬ್ರಿಜ್ಜಿನ ಪ್ರಾಧ್ಯಾಪಕ ಬರ್ಟ್ರಮ್ ಹಾಪ್ಕಿನ್ಸನ್ ಅವರ ೧೯೧೪ರ ಪ್ರಬಂಧದಿಂದ ಹೊರಟಿದೆ. ಅವರು ಎರಡು ಆದರ್ಶಗಳನ್ನು ಕಲ್ಪಿಸಿದರು. ಹೊಸದು ಹಳೆಯದರೊಡನೆ ಬೆರೆಯದೆ ಅದನ್ನು ಹಾಗೆಯೇ ಮುಂದಕ್ಕೆ ತಳ್ಳಿದರೆ, ಸಿಲಿಂಡರಿನಷ್ಟೇ ಹೊಸದನ್ನು ಬಿಟ್ಟಾಗ ಶುದ್ಧಿಯು ನೂರಕ್ಕೆ ನೂರು. ಒಳಬಂದುದು ಕೂಡಲೇ ಸಂಪೂರ್ಣವಾಗಿ ಬೆರೆತುಹೋಗಿ, ಆ ಬೆರಕೆಯೇ ಹೊರಹೋಗುತ್ತಿದ್ದರೆ, ಅಷ್ಟೇ ಹೊಸದನ್ನು ಬಿಟ್ಟರೂ ಶುದ್ಧಿಯು ನೂರಕ್ಕೆ ೬೩ ಮಾತ್ರ. ನಿಜವಾದ ಎಂಜಿನ್ನುಗಳಲ್ಲಿ ಹೊಸದರ ಒಂದಂಶವು ಹಳೆಯದನ್ನು ಮುಟ್ಟದೆಯೇ ನೇರವಾಗಿ ಹೊರಕ್ಕೆ ಓಡಿಹೋಗುವುದೂ ಉಂಟು. ಇಂಧನದ ನಷ್ಟಕ್ಕೂ ಹೊಗೆಯ ದೋಷಕ್ಕೂ ಇದೇ ಮೂಲ.

ಇಲ್ಲಿಯೂ ಬ್ಲೇರರ ತಂಡದ ರೀತಿಯು ಅದೇ. ಡ್ರೆಸ್ಡೆನ್ನಿನ ಯಾಂಟೆ ಎಂಬ ವಿದ್ವಾಂಸರು ೧೯೬೮ರ ಪ್ರಬಂಧದಲ್ಲಿ ವಿವರಿಸಿದ, ಸಿಲಿಂಡರಿನ ಮುಚ್ಚಳವನ್ನು ತೆಗೆದ ಎಂಜಿನ್ನಿನಲ್ಲಿ ಗಾಳಿಯ ವೇಗವನ್ನು ಸ್ಥಾನಸ್ಥಾನದಲ್ಲಿ ಅಳೆಯುವ ಪರೀಕ್ಷೆಯನ್ನು ಅವರು ಬಳಸಿ ವಿಮರ್ಶಿಸಿದರು. ೧೯೮೦ರ ದಶಕದಲ್ಲಿ ಬೆಂಕಿಯಿಲ್ಲದೆ, ಬೇರೆಬೇರೆ ಅನಿಲಗಳಿಂದ, ಒಂದೇ ಒಂದು ಸುತ್ತನ್ನು ನಡೆಸಿ ಉಳಿದುದರ ಶುದ್ಧಿಯನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದರು. ಕೊಳವೆಯಲ್ಲಿ ಒಂದೇ ಅಲೆ, ಸಿಲಿಂಡರಿನಲ್ಲಿ ಒಂದೇ ಸುತ್ತು. ಗೊಂದಲದಲ್ಲಿ ಅಡಗಿರುವ ಸತ್ಯವನ್ನು ಒಂಟಿಯಾಗಿ ನಿಲ್ಲಿಸಿ ವಿಚಾರಿಸುವ ಈ ಬುದ್ಧಿಯು ಇಡೀ ಗ್ರಂಥಕ್ಕೆ ಏಕವಾಕ್ಯತೆಯನ್ನು ತಂದುಕೊಟ್ಟಿದೆ.

೭

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ವಿಮರ್ಶಕನ ಧರ್ಮ.

ಮೊದಲನೆಯದು ಅಧಿಕಾರಿಯನ್ನು ಕುರಿತದ್ದು. ಅನಿಲಪ್ರವಾಹದ ಎರಡನೆಯ ಪ್ರಕರಣವು ಗ್ರಂಥದಲ್ಲಿಯೇ ದೀರ್ಘವಾದುದು, ಕಠಿಣವೂ ಆದುದು. ಎಂಜಿನ್ನನ್ನು ಕಲಿಯಬೇಕೆಂದು ಬಂದ ವಿದ್ಯಾರ್ಥಿಯು ಈ ಅರಣ್ಯವನ್ನು ದಾಟಿದ ಮೇಲೆಯೇ ಮತ್ತೆ ಎಂಜಿನ್ನಿನ ಮುಖವನ್ನು ಕಾಣುತ್ತಾನೆ. ಶಾಸ್ತ್ರಕ್ರಮಕ್ಕೆ ಇದು ಉಚಿತ, ಬೋಧನಕ್ರಮಕ್ಕೆ ಅಲ್ಲ. ಅಷ್ಟಾಧ್ಯಾಯಿಯ ಕ್ರಮದಿಂದ ಕಲಿಯಲಾರದವರಿಗಾಗಿ ಕೌಮುದಿಯು ಹುಟ್ಟಿಕೊಂಡಿತು. ಬ್ಲೇರರ ಸೂತ್ರಗಳಿಗೂ ಒಬ್ಬ ಭಟ್ಟೋಜಿಯು ಬೇಕಾಗಿದ್ದಾನೆ.

ಎರಡನೆಯದು ಅನುಭವಸೂಚನೆಗಳ ಪ್ರಕರಣವನ್ನು ಕುರಿತದ್ದು. ಅಲ್ಲಿ ‘ವಿಶಿಷ್ಟ ಕಾಲವಿಸ್ತೀರ್ಣ’ವೆನ್ನಬಹುದಾದ ಒಂದು ಪ್ರಮಾಣವನ್ನು ವಿವರಿಸಿದೆ. ಕಂಡಿಯು ಎಷ್ಟು ಅಗಲವಾಗಿ ಎಷ್ಟು ಹೊತ್ತು ತೆರೆದಿರುತ್ತದೆಂಬುದನ್ನು ಕೂಡಿಸಿ ಸಿಲಿಂಡರಿನ ಗಾತ್ರದಿಂದ ಭಾಗಿಸಿದರೆ ಅದು ಬರುತ್ತದೆ. ಬೇಕಾದ ಶಕ್ತಿಗೆ ಇಷ್ಟು ಕಾಲವಿಸ್ತೀರ್ಣವು ಇರಬೇಕೆಂಬ ಸುಲಭವಾದ ನಿಯಮಗಳನ್ನು ಅನೇಕ ಎಂಜಿನ್ನುಗಳ ಅನುಭವದಿಂದ ಸಂಗ್ರಹಿಸಿ ಕೊಟ್ಟಿದೆ. ನಿರ್ಮಾಪಕನಿಗೆ ಇದು ಬಹಳ ಉಪಕಾರಿ. ಆದರೆ ವ್ಯಾಪ್ತಿಯು ಭೂಯೋದರ್ಶನದಿಂದ ಬಂದುದೇ ಹೊರತು ಕಾರಣದಿಂದ ನಿಗಮಿಸಿದುದಲ್ಲ. ಹೊಗೆಯಿರುವಲ್ಲಿ ಬೆಂಕಿಯೆಂದು ಅಡುಗೆಮನೆಯಲ್ಲಿ ಕಂಡುದನ್ನು ಎಲ್ಲೆಲ್ಲಿಗೂ ಹಚ್ಚುವವನಿಗೆ ಉಪಾಧಿಯ ಎಚ್ಚರವಿರಬೇಕು. ಗ್ರಂಥಕಾರರು ಈ ಪ್ರಕರಣವನ್ನು ಅನುಕರಣದ ಅನಂತರ, ಅದಕ್ಕೆ ಸಹಾಯವೆಂಬ ಹೆಸರಿನಿಂದ ಇರಿಸಿರುವುದು ಸರಿಯೇ. ಆದರೆ ಅವಸರದ ವಾಚಕರು ಇದನ್ನು ಮೊದಲು ತೆರೆದು ಇಲ್ಲಿಯೇ ಪುಸ್ತಕವನ್ನು ಮುಚ್ಚುವ ಅಪಾಯವಿದೆ.

ಮೂರನೆಯದು ಸ್ವರೂಪದ ಮಿತಿ. ಕೊಳವೆಯಲ್ಲಿ ಅಲೆಯು ಒಂದೇ ದಿಕ್ಕಿನಲ್ಲಿ ಹೋಗಿಬರುತ್ತದೆಂದು ಎಣಿಸಬಹುದು. ಸಿಲಿಂಡರಿನೊಳಗೆ ಅನಿಲವು ಮೂರು ದಿಕ್ಕುಗಳಲ್ಲಿ ಸುರುಳಿಗೊಳ್ಳುತ್ತದೆ. ಆದುದರಿಂದ ಗುಡಿಸುವಿಕೆಯ ಗುಣವನ್ನು ಇಡೀ ಎಂಜಿನ್ನಿನ ಅನುಕರಣವು ತಾನೇ ಹುಟ್ಟಿಸಲಾರದೆ ಪರೀಕ್ಷೆಯಿಂದ ಎರವಲು ಪಡೆಯಬೇಕಾಗುತ್ತದೆ. ಅನುಕರಣವು ಸ್ವತಃಪ್ರಮಾಣವಲ್ಲ, ಪರತಃಪ್ರಮಾಣವೆಂಬುದಕ್ಕೆ ಇದೇ ಸಾಕ್ಷಿ.

೮

ಕಡೆಯದಾಗಿ, ಎಲ್ಲಕ್ಕಿಂತ ಬಲವಾದ ಪೂರ್ವಪಕ್ಷವೊಂದಿದೆ. ಲಕ್ಷ್ಯವೇ ಅಳಿದುಹೋದರೆ ಲಕ್ಷಣದಿಂದ ಏನು ಫಲ? ಜಗತ್ತಿನ ಅತ್ಯುನ್ನತ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ೨೦೦೧ರವರೆಗೆ ೫೦೦ ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನುಗಳದೇ ರಾಜ್ಯಭಾರ. ೨೦೦೨ರಲ್ಲಿ ೯೯೦ ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನುಗಳಿಗೆ ಪ್ರವೇಶ ದೊರೆಯಿತು. ೨೫೦ ಸಿಸಿಯ ವರ್ಗವು ೨೦೦೯ಕ್ಕೂ ೧೨೫ ಸಿಸಿಯ ವರ್ಗವು ೨೦೧೧ಕ್ಕೂ ಮುಗಿದುವು. ನಮ್ಮ ನಾಡಿನಲ್ಲಿಯೂ ಹಾಗೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಮೂರು ದಶಕಗಳಿಗೂ ಹೆಚ್ಚು ಕಾಲ ಜಾವಾ, ಯೆಜ್ಡಿ ಎಂಬ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ ೧೯೯೬ರಲ್ಲಿ ನಿಂತುಹೋಯಿತು. ಬ್ಲೇರರ ಮಹಾಗ್ರಂಥವು ಹೊರಬಂದುದೂ ಅದೇ ವರ್ಷದಲ್ಲಿ. ಅಂದು ನಮ್ಮ ಬೀದಿಗಳಲ್ಲಿ ಆ ಶಬ್ದವನ್ನು ಕೇಳಿದ ಎಷ್ಟೋ ಜನಕ್ಕೆ ಅದರ ಶಾಸ್ತ್ರವೊಂದುಂಟೆಂಬುದೇ ತಿಳಿದಿರಲಿಲ್ಲ.

ಈ ಪೂರ್ವಪಕ್ಷಕ್ಕೆ ಸಿದ್ಧಾಂತವನ್ನು ಬ್ಲೇರರೇ ಮೂರು ವರ್ಷಗಳೊಳಗಾಗಿ ಕೃತಿಯಿಂದ ಹೇಳಿರುವರು. ೧೯೯೯ರ ಫೋರ್-ಸ್ಟ್ರೋಕ್ ಗ್ರಂಥವನ್ನು ಹಿಂದಿನದರೊಡನೆ ಹೋಲಿಸಿ ನೋಡಿದರೆ ಅಸ್ಥಿಪಂಜರವು ಅದೇ. ಗುಡಿಸುವಿಕೆಯ ಪ್ರಕರಣವಿದ್ದೆಡೆಯಲ್ಲಿ, ವಾಲ್ವಿನ ಕಂಡಿಯ ವಿಸ್ತೀರ್ಣದಲ್ಲಿ ಎಷ್ಟು ಪಾಲು ನಿಜವಾಗಿಯೂ ಹರಿವಿಗೆ ಒದಗುತ್ತದೆಂಬ ಪ್ರವಾಹಗುಣಾಂಕದ ವಿಚಾರವು ಬಂದಿದೆ. ಅಲೆಯ ಶಾಸ್ತ್ರ, ದಹನದ ಶಾಸ್ತ್ರ, ಅನುಕರಣದ ಶಾಸ್ತ್ರ ಇವು ಮಾರ್ಪಡಲಿಲ್ಲ. ಅಲೆಯು ಟೂ-ಸ್ಟ್ರೋಕ್ ಎಂಜಿನ್ನಿಗೆ ಸೇರಿದುದಲ್ಲ, ಅನಿಲಕ್ಕೆ ಸೇರಿದುದು. ೧೯೯೬ರ ಗ್ರಂಥದ ಅನುಕರಣಪ್ರಕರಣದಲ್ಲಿ ಮರ ಕೊಯ್ಯುವ ಯಂತ್ರಗರಗಸದ ಎಂಜಿನ್ನನ್ನೂ ಪಂದ್ಯದ ಮೋಟಾರ್ ಸೈಕಲ್ಲಿನ ಎಂಜಿನ್ನನ್ನೂ ಒಂದೇ ಸೂತ್ರದಿಂದ ಸಾಧಿಸಿ ತೋರಿಸಿರುವುದೂ ಇದೇ ಅಭಿಪ್ರಾಯದಿಂದ. ಒಂದೊಂದು ಪ್ರಯೋಗಕ್ಕೆ ಒಂದೊಂದು ನಿಯಮವನ್ನು ಹೇಳುವುದು ಕೋಶ. ಅನೇಕ ಪ್ರಯೋಗಗಳನ್ನು ಒಂದೇ ನಿಯಮದಿಂದ ಸಾಧಿಸುವುದು ಶಾಸ್ತ್ರ.

ಹಳಗನ್ನಡವನ್ನು ಇಂದು ಯಾರೂ ಮನೆಯಲ್ಲಿ ಮಾತನಾಡುವುದಿಲ್ಲ. ಆದರೂ ೧೩ನೆಯ ಶತಮಾನದ ಶಬ್ದಮಣಿದರ್ಪಣವನ್ನು ನಾವು ಪಾಠ ಹೇಳುತ್ತಿದ್ದೇವೆ. ಕಾರಣವೇನೆಂದರೆ, ಕೇಶಿರಾಜನು ಸೂತ್ರವನ್ನು ಹೇಳಿ, ವೃತ್ತಿಯಿಂದ ವಿವರಿಸಿ, ಪೂರ್ವಕವಿಗಳ ಪ್ರಯೋಗವನ್ನು ಕೆಳಗಿಟ್ಟು, ಸರಿಯೋ ತಪ್ಪೋ ನೀನೇ ನೋಡಿಕೋ ಎಂದು ಓದುಗನಿಗೆ ಬಿಟ್ಟಿರುವನು. ಬ್ಲೇರರ ಸಮೀಕರಣವು ಸೂತ್ರ, ಅದರ ಸಾಧನೆಯು ವೃತ್ತಿ, ಅಳೆದ ರೇಖೆಯು ಪ್ರಯೋಗ. ಕನ್ನಡದಲ್ಲಿ ಇಂದು ಬರುತ್ತಿರುವ ವಿಜ್ಞಾನಪುಸ್ತಕಗಳಲ್ಲಿ ಬಹುಪಾಲು ಸಿದ್ಧಾಂತವನ್ನು ಮಾತ್ರ ಹೇಳಿ, ಅದನ್ನು ಯಾರು ಹೇಗೆ ಅಳೆದರೆಂಬುದನ್ನು ಬಿಟ್ಟುಬಿಡುತ್ತವೆ. ಪರಿಭಾಷೆಯು ಎಷ್ಟೇ ಶುದ್ಧವಾಗಿರಲಿ, ವಾಕ್ಯವು ಎಷ್ಟೇ ಸರಳವಾಗಿರಲಿ, ಪ್ರಯೋಗವಿಲ್ಲದ ಸೂತ್ರವು ಶಾಸ್ತ್ರವಾಗದು. ಅದನ್ನೋದಿದ ವಿದ್ಯಾರ್ಥಿಯು ನಂಬುವುದನ್ನು ಕಲಿಯುತ್ತಾನೆ, ಪರೀಕ್ಷಿಸುವುದನ್ನು ಕಲಿಯುವುದಿಲ್ಲ. ಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ಬರೆಯಹೊರಡುವವರು ಬ್ಲೇರರ ಗ್ರಂಥಗಳಿಂದ ಎಂಜಿನ್ನನ್ನು ಕಲಿಯದಿದ್ದರೂ ಚಿಂತೆಯಿಲ್ಲ. ಚಿತ್ರದ ಕುದುರೆಯ ಪಕ್ಕದಲ್ಲಿ ಜೀವಂತವಾದ ಕುದುರೆಯನ್ನು ತಂದು ಕಟ್ಟಬೇಕೆಂಬ ಈ ಒಂದು ನಿಯಮವನ್ನು ಕಲಿತರೆ ಸಾಕು. ವಿದ್ವಾಂಸರು ಈ ದೃಷ್ಟಿಯಿಂದ ನಮ್ಮ ಪಠ್ಯಗಳನ್ನು ಪರಿಶೀಲಿಸಬೇಕೆಂದು ಬೇಡುತ್ತ ಈ ಲೇಖನವನ್ನು ಮುಗಿಸುತ್ತೇವೆ.